ಘಟ್ಟದ ಮೇಲಿನ ತಾಲೂಕುಗಳೂ ಚಿನ್ನದ ನಿಯಂತ್ರಣವೂ

೧

ಚಿನ್ನ ಬೆಳ್ಳಿಗಳನ್ನು ಕೊಳ್ಳುವ ಪ್ರಜೆಯು ಆ ಸಂಗತಿಯನ್ನು ಸರಕಾರಕ್ಕೆ ತಿಳಿಸಲು ಬದ್ಧನೆ? ಬದ್ಧನಾದರೆ ಎಷ್ಟರ ಮಟ್ಟಿಗೆ? ಈ ಪ್ರಶ್ನೆಯು ಇತ್ತೀಚಿನ ವರ್ಷಗಳಲ್ಲಿ ತೀರ ಹೊಸದೆಂಬಂತೆ ಚರ್ಚಿತವಾಗುತ್ತಿದೆ. ವಸ್ತುತಃ ಇದಕ್ಕೆ ನಮ್ಮ ದೇಶದಲ್ಲಿ ಎಪ್ಪತ್ತು ವರ್ಷಗಳಿಗೂ ಮಿಕ್ಕ ಇತಿಹಾಸವುಂಟು. ಆ ಇತಿಹಾಸವನ್ನು ಸಾಮಾನ್ಯವಾಗಿ ಮುಂಬಯಿಯ ಚಿನಿವಾರ ಪೇಟೆಯ ದೃಷ್ಟಿಯಿಂದ, ಇಲ್ಲವೆ ದಿಲ್ಲಿಯ ಅರ್ಥಖಾತೆಯ ದೃಷ್ಟಿಯಿಂದ ಬರೆಯುವುದು ರೂಢಿ. ಪ್ರಸ್ತುತ ಲೇಖನದಲ್ಲಿ ನಾವು ಅದನ್ನು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಪ್ರದೇಶಗಳ ಕಡೆಯಿಂದ ನೋಡಲು ಯತ್ನಿಸಿದ್ದೇವೆ. ಸರಕಾರದ ದೃಷ್ಟಿ ಕೊಳ್ಳುವವನ ಮನೆಯ ಬಾಗಿಲಿನಿಂದ ಒಳಹೊಕ್ಕುದು ವಿರಳ. ಅದು ಹೊಕ್ಕಿದ್ದು ಅಕ್ಕಸಾಲಿಗನ ಅಂಗಡಿಯ ವಹಿಯ ಮೂಲಕ. ಇದೇ ನಮ್ಮ ಪ್ರತಿಪಾದ್ಯ ವಿಷಯ.

೨

ಈ ಪ್ರದೇಶದ ಆರ್ಥಿಕ ಜೀವನವನ್ನು ಬಲ್ಲವರಿಗೆ ಚಿನ್ನವು ಇಲ್ಲಿ ಕೇವಲ ಅಲಂಕಾರವಲ್ಲವೆಂದು ಹೇಳಬೇಕಾದುದಿಲ್ಲ. ಹಳಿಯಾಳ ಮುಂಡಗೋಡಗಳು ಬತ್ತದ ಸೀಮೆ; ಜೋಯಿಡಾ ದಟ್ಟವಾದ ಕಾಡಿನ ಸೀಮೆ. ಕುಣಬಿಗಳು, ಗೌಳಿಗಳು, ಸಿದ್ದಿಗಳು, ಮರಾಠಿ ಕೊಂಕಣಿಗಳನ್ನಾಡುವ ರೈತರು ಇಲ್ಲಿ ಚದರಿ ನೆಲೆಸಿದ್ದಾರೆ. ದಾಂಡೇಲಿಯಲ್ಲಿ ೧೯೫೫ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದದ ಕಾರಖಾನೆಯು ತಿಂಗಳ ಸಂಬಳದ ವರ್ಗವೊಂದನ್ನು ನಿರ್ಮಿಸಿತು. ಆದರೆ ಉಳಿದವರ ಆದಾಯವು ಸುಗ್ಗಿಗೊಮ್ಮೆ ಬರುವಂಥದು. ಸುಗ್ಗಿಯಲ್ಲಿ ಕೊಂಡ ಗುಂಡು, ಬೋರಮಾಳ, ಬೆಂಡೋಲೆಗಳು ಮಳೆಗಾಲದ ಬಿತ್ತನೆಗೆ ಒತ್ತೆಯಾಗುವುದೂ, ಮತ್ತೆ ಬಿಡಿಸಲ್ಪಡುವುದೂ ರೈತಕುಟುಂಬಗಳ ವಾಡಿಕೆ. ಹೆಣ್ಣಿಗೆ ಭೂಮಿಯ ಹಕ್ಕು ಸುಲಭವಾಗಿ ದೊರೆಯದಿದ್ದ ಕಾಲದಲ್ಲಿ ಅವಳದೆಂದು ಹೇಳಬಹುದಾಗಿದ್ದ ಆಸ್ತಿಯೆಂದರೆ ಮೈಮೇಲಿನ ಚಿನ್ನವೇ. ಅದೆಷ್ಟೆಂಬುದು ಅನೇಕ ಸಲ ಗಂಡನಿಗೂ ಪೂರ್ತಿಯಾಗಿ ತಿಳಿದಿರುತ್ತಿರಲಿಲ್ಲ.

ಈ ವ್ಯವಹಾರದ ಗುಟ್ಟನ್ನು ಬಲ್ಲವನು ಅಕ್ಕಸಾಲಿಗನೊಬ್ಬನೇ. ಪತ್ತಾರನೆಂದೋ ಸೋನಾರನೆಂದೋ ಕರೆಯಿಸಿಕೊಳ್ಳುವ ಇವನ ಮುಂದೆ ಕುಳಿತು, ಹಳೆಯ ಒಡವೆ ಮೂಸೆಯಲ್ಲಿ ಕರಗುವುದನ್ನು ಕಣ್ಣಾರೆ ಕಂಡು, ಹೊಸದನ್ನು ಮಾಡಿಸುವುದು ಹಿಂದಿನ ಪದ್ಧತಿ. ತೂಕ ಗುಂಜಿ ತೊಲೆಗಳಲ್ಲಿ, ಪರೀಕ್ಷೆ ಒರೆಗಲ್ಲಿನ ಮೇಲೆ, ಲೆಕ್ಕ ಇಬ್ಬರ ನೆನಪಿನಲ್ಲಿ. ಅಕ್ಕಸಾಲಿಗನು ಅಕ್ಕನ ಚಿನ್ನವನ್ನೂ ಬಿಡನೆಂಬ ಗಾದೆಯು ಈ ನಂಬಿಕೆಗೆ ಮಿತಿಯಿತ್ತೆಂಬುದನ್ನು ಸಾರುತ್ತದೆ. ಆದರೂ ತೂಕದಲ್ಲಿ ಸಂದೇಹಿಸಿದ ಮನುಷ್ಯನನ್ನೇ ಜನರು ಗುಟ್ಟಿನ ವಿಷಯದಲ್ಲಿ ನಂಬಿದ್ದರು.

೩

ಇಂಥ ಒಳನಾಡಿನಲ್ಲಿ ಚಿನ್ನವು ಸರಕಾರದ ಲಕ್ಷ್ಯಕ್ಕೆ ಬಂದುದಕ್ಕೆ ಗೋವೆಯ ಸಾಮೀಪ್ಯವು ಮುಖ್ಯ ಕಾರಣ. ಹಿಂದೆ ಸೂಪಾ ತಾಲೂಕೆಂದು ಪ್ರಸಿದ್ಧವಾಗಿದ್ದ ಇಂದಿನ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ನಿಲ್ದಾಣವು ಪೋರ್ತುಗೀಜರ ಸೀಮೆಯಿಂದ ಬರುವ ರೈಲಿನ ಗಡಿ ಠಾಣೆಯಾಗಿತ್ತು. ೧೮೭೮ರ ಆಂಗ್ಲ-ಪೋರ್ತುಗೀಜ ಒಪ್ಪಂದವು ಎರಡು ಸೀಮೆಗಳ ನಡುವಣ ಸುಂಕದ ಗೋಡೆಯನ್ನು ಕೆಲಕಾಲ ತೆಗೆದುಹಾಕಿತ್ತು. ೧೮೯೨ರಲ್ಲಿ ಆ ಒಪ್ಪಂದವು ಕೊನೆಗೊಂಡು ಗೋಡೆ ಮತ್ತೆ ಎದ್ದಿತು. ಪ್ರಯಾಣಿಕನ ಗಂಟನ್ನು ಬಿಚ್ಚಿ ನೋಡುವುದು ಆಗಿನಿಂದ ಈ ಗಡಿಯ ಜನಕ್ಕೆ ಅಪರಿಚಿತವಾದ ಸಂಗತಿಯಲ್ಲ.

೧೯೪೭ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯು ರಿಜರ್ವ್ ಬ್ಯಾಂಕಿನ ಅನುಮತಿಯಿಲ್ಲದೆ ಚಿನ್ನವನ್ನು ದೇಶದೊಳಕ್ಕೆ ತರುವುದನ್ನು ನಿಷೇಧಿಸಿತು. ಪರಿಣಾಮವಾಗಿ ದೇಶದೊಳಗಿನ ಬೆಲೆಯು ಏರುತ್ತ ಹೋಯಿತು. ಜಗತ್ತಿನ ಅಧಿಕೃತ ದರವು ಔನ್ಸಿಗೆ ೩೫ ಡಾಲರ್, ಎಂದರೆ ಆಗಿನ ವಿನಿಮಯದಂತೆ ತೊಲೆಗೆ ಸುಮಾರು ೬೨ ರೂಪಾಯಿ. ಭಾರತದ ಪೇಟೆಯ ದರವಾದರೋ ೧೯೬೦ರ ಸುಮಾರಿಗೆ ಅದರ ಇಮ್ಮಡಿಯನ್ನು ಮುಟ್ಟಿತ್ತು. ಈ ಅಂತರವೇ ಕಳ್ಳಸಾಗಣೆಯ ಮೂಲ. ಪೋರ್ತುಗೀಜ್ ಗೋವೆಯು ಆ ದಶಕದಲ್ಲಿ ತನ್ನ ಜನರು ಧರಿಸಬಹುದಾದುದಕ್ಕಿಂತ ಎಷ್ಟೋ ಪಾಲು ಹೆಚ್ಚು ಚಿನ್ನವನ್ನು ಆಮದು ಮಾಡಿಕೊಂಡಿತು. ಹೆಚ್ಚಾದ ಚಿನ್ನವು ಗಡಿ ದಾಟಿ ಭಾರತಕ್ಕೆ ಬಂದಿತೆಂಬುದರಲ್ಲಿ ಸಂದೇಹವಿಲ್ಲ. ೧೯೫೫ರಲ್ಲಿ ರೈಲಿನ ಸಂಚಾರ ನಿಂತಿತು; ಕಾಡಿನ ಕಾಲುದಾರಿಗಳು ನಿಲ್ಲಲಿಲ್ಲ.

ಅದೇ ೧೯೫೫ರಲ್ಲಿ ಸಾಗರ ಸುಂಕದ ಕಾಯಿದೆಗೆ ೧೭೮-ಎ ಎಂಬ ಕಲಮು ಸೇರಿತು. ಕಳ್ಳಸಾಗಣೆಯದೆಂದು ಸಕಾರಣವಾಗಿ ನಂಬಿ ಅಧಿಕಾರಿಯು ಚಿನ್ನವನ್ನು ವಶಪಡಿಸಿಕೊಂಡರೆ, ಅದು ಅಂಥದಲ್ಲವೆಂದು ಸಿದ್ಧಪಡಿಸುವ ಹೊಣೆ ಇನ್ನು ಮುಂದೆ ಚಿನ್ನವುಳ್ಳವನದು. ಸರ್ವೋಚ್ಚ ನ್ಯಾಯಾಲಯವು ೧೯೬೧ರಲ್ಲಿ ನಾತೆಲ್ಲ ಸಂಪತು ಚೆಟ್ಟಿಯ ಮೊಕದ್ದಮೆಯಲ್ಲಿ ಈ ಕಲಮನ್ನು ಎತ್ತಿಹಿಡಿಯಿತು. ೧೯೬೨ರ ಸುಂಕದ ಕಾಯಿದೆಯ ೧೨೩ನೆಯ ಕಲಮಿನಲ್ಲಿ ಅದೇ ತತ್ತ್ವವು ಮುಂದುವರಿಯಿತು. ನಮ್ಮ ಅಭಿಪ್ರಾಯದಲ್ಲಿ ಗೋಪ್ಯತೆಯ ಇತಿಹಾಸದ ನಿಜವಾದ ತಿರುವು ಇದು. ನೋಡುವುದು ಬೇರೆ, ತೋರಿಸೆಂದು ಕೇಳುವುದು ಬೇರೆ. ರಸೀದಿಯನ್ನೇ ಕೊಡದ ಪದ್ಧತಿಯಲ್ಲಿ ಮೂರು ತಲೆಮಾರಿನಿಂದ ಬಂದ ಸರಕ್ಕೆ ಪುರಾವೆ ಎಲ್ಲಿಂದ ಬರಬೇಕು? ಕಳ್ಳಸಾಗಣೆದಾರನು ಸುಳ್ಳು ಪತ್ರವನ್ನು ಸೃಷ್ಟಿಸಿಕೊಳ್ಳಬಲ್ಲ. ಪ್ರಾಮಾಣಿಕಳಾದ ಕುಣಬಿ ಹೆಂಗಸಿನ ಹತ್ತಿರ ನಿಜವಾದ ಪತ್ರವೂ ಇರುವುದಿಲ್ಲ.

೪

೧೯೬೧ರ ಡಿಸೆಂಬರ ೧೯ರಂದು ಗೋವೆಯು ವಿಮೋಚನೆಗೊಂಡುದರಿಂದ ಜೋಯಿಡಾದ ಗಡಿಯು ಪರರಾಜ್ಯದ ಗಡಿಯಾಗಿ ಉಳಿಯಲಿಲ್ಲ. ಆದರೆ ಮರುವರ್ಷವೇ ಚೀನದ ಆಕ್ರಮಣವು ನಡೆದು ವಿದೇಶಿ ವಿನಿಮಯದ ಅಭಾವವು ತೀವ್ರವಾಯಿತು. ೧೯೬೨ರ ನವೆಂಬರದಲ್ಲಿ ಸರಕಾರವು ಶೇಕಡಾ ೬.೫ ಬಡ್ಡಿಯ ಚಿನ್ನದ ಬಾಂಡುಗಳನ್ನು ಹೊರಡಿಸಿತು. ೧೯೬೩ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿಯವರು ಅರ್ಥಮಂತ್ರಿಗಳಾಗಿದ್ದಾಗ, ಭಾರತ ರಕ್ಷಣಾ ನಿಯಮಗಳ ಅಂಗವಾಗಿ ಚಿನ್ನದ ನಿಯಂತ್ರಣವು ಜಾರಿಗೆ ಬಂದಿತು. ೧೪ ಕ್ಯಾರಟ್ಟಿಗೆ ಮೀರಿದ ಹೊಸ ಒಡವೆಗಳನ್ನು ಮಾಡುವುದು ನಿಷಿದ್ಧವಾಯಿತು; ಆಭರಣವಲ್ಲದ ಚಿನ್ನವನ್ನು ಘೋಷಿಸಬೇಕಾಯಿತು.

ಸರಕಾರದ ಉದ್ದೇಶವನ್ನು ನಾವು ಅಲ್ಲಗಳೆಯುವಂತಿಲ್ಲ. ರಾಷ್ಟ್ರದ ಸಂಪತ್ತು ಗಟ್ಟಿಯಾಗಿ ಪೆಟ್ಟಿಗೆಯಲ್ಲಿ ಕೂಡುವುದನ್ನು ತಡೆಯಬೇಕೆಂಬುದು ಆಗಿನ ಅರ್ಥಶಾಸ್ತ್ರಜ್ಞರ ಪ್ರಾಮಾಣಿಕ ಅಭಿಪ್ರಾಯವಾಗಿತ್ತು. ಆದರೆ ಪೆಟ್ಟು ಬಿದ್ದುದು ಪೆಟ್ಟಿಗೆಯುಳ್ಳವನ ಮೇಲಲ್ಲ, ಕೆಲಸಗಾರನ ಮೇಲೆ. ಶೇಕಡಾ ೫೮ರಷ್ಟು ಮಾತ್ರ ಚಿನ್ನವಿರುವ ಗಡುಸು ಲೋಹದಲ್ಲಿ ಹಳೆಯ ನಾಜೂಕಿನ ಕೆಲಸವು ಸಾಗದಾಯಿತು. ಜನರೂ ಅದನ್ನು ಕೊಳ್ಳಲೊಲ್ಲದೆ ಹೋದರು. ದೇಶದ ಹಲವೆಡೆಗಳಿಂದ ಅಕ್ಕಸಾಲಿಗರ ಆತ್ಮಹತ್ಯೆಯ ಸುದ್ದಿಗಳು ಬಂದವು. ಸರಕಾರವು ಅವರ ಪುನರ್ವಸತಿಗೆ ಸಾಲ ಮೊದಲಾದ ನೆರವಿನ ಯೋಜನೆಗಳನ್ನು ರೂಪಿಸಬೇಕಾಯಿತು. ೧೪ ಕ್ಯಾರಟ್ಟಿನ ಕಟ್ಟು ೧೯೬೬ರಲ್ಲಿ ಸಡಿಲವಾಯಿತು.

ಇದರ ನಡುವೆ ೧೯೬೫ರಲ್ಲಿ ರಾಷ್ಟ್ರೀಯ ರಕ್ಷಣಾ ಚಿನ್ನದ ಬಾಂಡುಗಳು ಹೊರಟವು. ಆ ಬಾಂಡುಗಳಿಗಾಗಿ ಒಪ್ಪಿಸಿದ ಚಿನ್ನ ಎಲ್ಲಿಂದ ಬಂದಿತೆಂದು ಕೇಳಲಾಗುವುದಿಲ್ಲವೆಂಬ ಅಭಯವೂ ಅವುಗಳ ಜೊತೆಗಿತ್ತು. ಈ ಅಭಯವು ಗಮನಾರ್ಹವಾದುದು. ಗೋಪ್ಯತೆಗೆ ಬೆಲೆಯುಂಟೆಂಬುದನ್ನು ಸರಕಾರವೇ ಒಪ್ಪಿಕೊಂಡು, ಅದನ್ನು ಕೊಟ್ಟು ಚಿನ್ನವನ್ನು ಪಡೆಯಲು ಯತ್ನಿಸಿತು. ದೊಡ್ಡ ಗಟ್ಟಿಯುಳ್ಳವನಿಗೆ ಈ ಸೌಕರ್ಯ ದೊರೆಯಿತು. ಎರಡು ತೊಲೆಯ ಸರವುಳ್ಳವಳಿಗೆ ಅದರಿಂದ ಪ್ರಯೋಜನವಿರಲಿಲ್ಲ.

೫

ತಾತ್ಕಾಲಿಕವೆಂದು ಹುಟ್ಟಿದ ನಿಯಂತ್ರಣವು ೧೯೬೮ರ ಚಿನ್ನದ ನಿಯಂತ್ರಣ ಕಾಯಿದೆಯಿಂದ ಶಾಶ್ವತ ರೂಪವನ್ನು ತಾಳಿತು. ವ್ಯಾಪಾರಿಗೆ ಪರವಾನಿಗೆ, ಅಕ್ಕಸಾಲಿಗನಿಗೆ ಪ್ರಮಾಣಪತ್ರ, ಇಬ್ಬರಿಗೂ ಜಿ.ಎಸ್. ೧೧, ಜಿ.ಎಸ್. ೧೨ ಮುಂತಾದ ಹೆಸರಿನ ವಹಿಗಳು, ತಪಾಸಣೆಗೆ ಕೇಂದ್ರ ಅಬಕಾರಿ ಇಲಾಖೆಯ ಅಧಿಕಾರಿಗಳು, ಅವರಿಗೆ ಶೋಧ ಮತ್ತು ಜಪ್ತಿಯ ಅಧಿಕಾರ: ಇದು ಅದರ ಸ್ವರೂಪ. ಗಟ್ಟಿಯ ರೂಪದ ಚಿನ್ನವನ್ನು ಸಾಮಾನ್ಯ ಪ್ರಜೆಯು ಇಟ್ಟುಕೊಳ್ಳುವುದು ನಿಷಿದ್ಧವಾಯಿತು. ಆಭರಣಗಳನ್ನಾದರೋ ವ್ಯಕ್ತಿಗೆ ೨೦೦೦ ಗ್ರಾಂ, ಕುಟುಂಬಕ್ಕೆ ೪೦೦೦ ಗ್ರಾಂ ಮೀರಿದಾಗ ಮಾತ್ರ ಘೋಷಿಸಬೇಕಾಗಿತ್ತು.

ಇಲ್ಲಿ ವಾಚಕರು ಲೆಕ್ಕವೊಂದನ್ನು ಮಾಡಿ ನೋಡಬೇಕು. ೨೦೦೦ ಗ್ರಾಂ ಎಂದರೆ ೧೭೧ ತೊಲೆಗೂ ಹೆಚ್ಚು. ಹಳಿಯಾಳದ ರೈತನಾಗಲಿ ದಾಂಡೇಲಿಯ ಕಾರ್ಮಿಕನಾಗಲಿ ಕನಸಿನಲ್ಲಿಯೂ ಕಾಣದಷ್ಟು ಚಿನ್ನವದು. ಹೀಗೆ ಘೋಷಣೆಯ ದೃಷ್ಟಿಯಿಂದ ಸಾಮಾನ್ಯನ ಮನೆಯು ಕಾಯಿದೆಯ ಹೊರಗೆ ಉಳಿಯಿತು. ಆದರೆ ಅದೇ ಮನೆಯ ಒಡವೆ ಮುರಿದು ಅಕ್ಕಸಾಲಿಗನಲ್ಲಿಗೆ ಹೋದೊಡನೆ ಅದು ವಹಿಯೊಳಗೆ ಸೇರಿತು. ಕರಗಿಸಿದ ಗಟ್ಟಿಯನ್ನು ಮರಳಿ ಮನೆಗೆ ತಂದರೆ ಅದು ಅಪರಾಧದ ವಸ್ತುವಾಯಿತು. ನೆನಪಿನಲ್ಲಿದ್ದ ಲೆಕ್ಕ ಕಾಗದಕ್ಕೆ ಇಳಿಯಿತು. ಗುಟ್ಟನ್ನು ಕಾಯುತ್ತಿದ್ದವನೇ ಗುಟ್ಟಿನ ಸಾಕ್ಷಿದಾರನಾದನು.

ಈ ಪರಿವರ್ತನೆಯ ಅತಿರೇಕವನ್ನು ಕಾಯಿದೆಯ ೧೦೦ನೆಯ ಕಲಮಿನಲ್ಲಿ ಕಾಣಬಹುದು. ಚಿನ್ನವನ್ನು ಕೊಳ್ಳುವ ಮುನ್ನ ಅದನ್ನು ಮಾರುವವನ ಗುರುತನ್ನು ವ್ಯಾಪಾರಿಯು ಮನಗಂಡುಕೊಳ್ಳಬೇಕೆಂದು ಅದು ವಿಧಿಸಿತ್ತು. ೧೯೬೯ರಲ್ಲಿ ಹರಖಚಂದ್ ರತನಚಂದ್ ಬಾಂಠಿಯಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಯಿದೆಯ ಬಹುಭಾಗವನ್ನು ಉಳಿಸಿಕೊಂಡರೂ, ಈ ಕಲಮನ್ನೂ ಮತ್ತೆ ಕೆಲವನ್ನೂ ಅಸಮಂಜಸವಾದ ನಿರ್ಬಂಧಗಳೆಂದು ತಳ್ಳಿಹಾಕಿತು. ತೀರ್ಪು ವ್ಯಾಪಾರದ ಹಕ್ಕನ್ನು ಆಧರಿಸಿದುದು, ಗೋಪ್ಯತೆಯ ಹಕ್ಕನ್ನಲ್ಲ. ಆದರೂ ಅಂಗಡಿಕಾರನನ್ನು ಸರಕಾರದ ಕಣ್ಣಾಗಿಸುವುದಕ್ಕೆ ಒಂದು ಎಲ್ಲೆಯುಂಟೆಂದು ಅದು ತೋರಿಸಿಕೊಟ್ಟಿತು.

ಬೆಳ್ಳಿಯ ಕಥೆಯೂ ಇದಕ್ಕೆ ಹತ್ತಿರದ್ದೇ. ಚಿನ್ನವು ಒಳಗೆ ಬಂದಂತೆ ಬೆಳ್ಳಿಯು ಕಳ್ಳತನದಿಂದ ಹೊರಗೆ ಹೋಗತೊಡಗಿತು. ೧೯೬೯ರಲ್ಲಿ ಸುಂಕದ ಕಾಯಿದೆಗೆ ಸೇರಿದ ಅಧ್ಯಾಯಗಳು ಕರಾವಳಿಯಿಂದ ೧೦೦ ಕಿಲೋಮೀಟರಿನವರೆಗಿನ ನೆಲವನ್ನು ನಿರ್ದಿಷ್ಟ ಪ್ರದೇಶವೆಂದು ಸಾರಿ, ಅಲ್ಲಿನ ನಿರ್ದಿಷ್ಟ ಸರಕಿನ ಸಂಗ್ರಹ ಸಾಗಣೆಗಳನ್ನು ಅಧಿಕಾರಿಗೆ ತಿಳಿಸಬೇಕೆಂದು ವಿಧಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟವು. ನಮ್ಮ ನಾಲ್ಕೂ ಪ್ರದೇಶಗಳ ಕೇಂದ್ರಗಳು, ಘಟ್ಟದ ಮೇಲಿದ್ದರೂ, ನೇರ ದೂರದಲ್ಲಿ ಸಮುದ್ರದಿಂದ ಅಷ್ಟರೊಳಗೇ ಇವೆ. ಸಮುದ್ರವನ್ನು ಕಾಣದ ಊರಿನವರೂ ಕಾಯಿದೆಯ ಕಣ್ಣಿಗೆ ಕರಾವಳಿಯವರಾಗಬಹುದಾಗಿತ್ತು.

೬

೧೯೯೦ರಲ್ಲಿ, ಮಧು ದಂಡವತೆಯವರು ಅರ್ಥಮಂತ್ರಿಗಳಾಗಿದ್ದಾಗ, ಚಿನ್ನದ ನಿಯಂತ್ರಣ ಕಾಯಿದೆಯು ರದ್ದಾಯಿತು. ಅದು ಕಳ್ಳಸಾಗಣೆಯನ್ನು ತಡೆಯಲಿಲ್ಲ, ಚಿನ್ನದ ಮೋಹವನ್ನೂ ತಗ್ಗಿಸಲಿಲ್ಲವೆಂಬುದು ಅಷ್ಟರಲ್ಲಿ ಸರ್ವಸಮ್ಮತವಾಗಿತ್ತು. ಪುರಾವೆಯ ಹೊಣೆಯ ವಿಷಯದಲ್ಲಿಯೂ ಸ್ವಲ್ಪ ವಿವೇಕವು ಮೂಡಿತು. ಆದಾಯ ತೆರಿಗೆಯ ಶೋಧದ ಕಾಲದಲ್ಲಿ ವಿವಾಹಿತ ಸ್ತ್ರೀಯ ೫೦೦ ಗ್ರಾಂ, ಅವಿವಾಹಿತ ಸ್ತ್ರೀಯ ೨೫೦ ಗ್ರಾಂ, ಪುರುಷನ ೧೦೦ ಗ್ರಾಂ ಆಭರಣಗಳನ್ನು ಜಪ್ತಿ ಮಾಡಬಾರದೆಂದು ೧೯೯೪ರ ಮೇ ೧೧ರಂದು ಸೂಚನೆ ಹೊರಟಿತು. ಕಾಗದವಿಲ್ಲದಿರುವುದು ಅಪರಾಧವಲ್ಲವೆಂಬುದನ್ನು ಇದು ಮೌನವಾಗಿ ಒಪ್ಪಿಕೊಂಡಿತು. ಕಾಳೀ ನದಿಯ ಅಣೆಕಟ್ಟಿನಿಂದ ಸೂಪಾ ಊರು ಮುಳುಗಿದಾಗ ಎದ್ದುಹೋದ ಕುಟುಂಬಗಳನ್ನೂ, ೧೯೬೬ರಿಂದ ಮುಂಡಗೋಡದಲ್ಲಿ ನೆಲೆಯೂರಿದ ಟಿಬೇಟದ ನಿರಾಶ್ರಿತರನ್ನೂ ನೆನೆದರೆ ಈ ಒಪ್ಪಿಗೆಯ ಮಹತ್ತ್ವವು ಹೊಳೆಯುತ್ತದೆ. ಒಡವೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಡಬಹುದು. ಅದನ್ನು ಮಾಡಿಕೊಟ್ಟವನ ನೆನಪನ್ನು ಕಟ್ಟಿಕೊಂಡು ಹೊರಡಲಾಗದು.

ಆದರೆ ವಹಿಯು ಬೇರೆ ರೂಪದಲ್ಲಿ ಮರಳಿತು. ೨೦೧೬ರ ಜನವರಿ ೧ರಿಂದ ಎರಡು ಲಕ್ಷ ರೂಪಾಯಿ ಮೀರಿದ ಖರೀದಿಗೆ ಪ್ಯಾನ್ ಸಂಖ್ಯೆಯನ್ನು ಕೊಡಬೇಕಾಯಿತು. ೨೦೧೭ರ ಏಪ್ರಿಲದಿಂದ ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವುದು ನಿಷಿದ್ಧವಾಯಿತು. ೨೦೨೦ರ ಡಿಸೆಂಬರದ ಅಧಿಸೂಚನೆಯು ಹತ್ತು ಲಕ್ಷ ಮುಟ್ಟಿದ ನಗದು ವ್ಯವಹಾರದ ಅಮೂಲ್ಯ ಲೋಹದ ವ್ಯಾಪಾರಿಗಳನ್ನು ಅಕ್ರಮ ಹಣದ ತಡೆಯ ಕಾಯಿದೆಗೆ ಒಳಪಡಿಸಿತು. ೨೦೨೩ರ ಏಪ್ರಿಲ ೧ರಿಂದ ಹಾಲ್‌ಮಾರ್ಕಿನ ಒಡವೆಗೆ ಆರು ಅಕ್ಷರಾಂಕಗಳ ಗುರುತು ಕಡ್ಡಾಯವಾಯಿತು. ಈ ಗುರುತು ಕೊಳ್ಳುವವನಿಗೆ ಉಪಕಾರಿ. ಗಾದೆಯ ಅಕ್ಕಸಾಲಿಗನಿಂದ ಅದು ರಕ್ಷಣೆ ಕೊಡುತ್ತದೆ. ಅದು ವಸ್ತುವಿನ ಗುರುತೇ ಹೊರತು ವ್ಯಕ್ತಿಯ ಗುರುತಲ್ಲ. ಎರಡನ್ನೂ ಬೆಸೆಯುವುದು ಅಂಗಡಿಯ ಬಿಲ್ಲು. ೧೯೬೯ರಲ್ಲಿ ಅಸ್ಪಷ್ಟವೆಂದು ಬಿದ್ದುಹೋದ ಗುರುತಿಸುವ ಹೊಣೆಯು ಸ್ಪಷ್ಟವಾದ ಸಂಖ್ಯೆಯ ರೂಪದಲ್ಲಿ ಅದೇ ಅಂಗಡಿಕಾರನ ಹೆಗಲಿಗೆ ಬಂದಿತು.

೭

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರ ಮನವಿಯ ಮೇಲೆ ೨೦೧೭ರ ಆಗಸ್ಟ ೨೪ರಂದು ಒಂಬತ್ತು ನ್ಯಾಯಾಧೀಶರ ಪೀಠವು ಗೋಪ್ಯತೆಯು ಮೂಲಭೂತ ಹಕ್ಕೆಂದು ಸಾರಿತು. ಅದರಲ್ಲಿ ಹಸ್ತಕ್ಷೇಪ ಮಾಡಬೇಕಾದರೆ ಕಾಯಿದೆಯ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಉದ್ದೇಶಕ್ಕೆ ತಕ್ಕ ಪ್ರಮಾಣ ಬೇಕು. ಮೇಲೆ ವಿವರಿಸಿದ ಇತಿಹಾಸವನ್ನು ಈ ಮೂರು ಒರೆಗಳಿಗೆ ಹಚ್ಚಿ ನೋಡಿದರೆ, ೧೯೬೩ರಿಂದ ೧೯೯೦ರವರೆಗಿನ ನಿಯಂತ್ರಣಕ್ಕೆ ಮೊದಲಿನ ಎರಡರ ಬೆಂಬಲವಿತ್ತು. ಮೂರನೆಯದರಲ್ಲಿ ಅದು ಸೋತಿತು. ದೊಡ್ಡ ಗಟ್ಟಿಯನ್ನು ಹುಡುಕಹೊರಟ ಕಾಯಿದೆಯು ಚಿಕ್ಕ ಅಕ್ಕಸಾಲಿಗನನ್ನು ತುಳಿಯಿತು.

ಆದಕಾರಣ ಇಂದಿನ ನಿಯಮಗಳನ್ನು ಪರಿಶೀಲಿಸುವವರು ಮಿತಿಯ ಅಂಕಿಗಳನ್ನಷ್ಟೇ ನೋಡಿದರೆ ಸಾಲದು. ಎರಡು ಲಕ್ಷವೆಂಬ ಮಿತಿಯು ಸ್ಥಿರವಾಗಿ ನಿಂತು ಚಿನ್ನದ ಬೆಲೆ ಏರುತ್ತ ಹೋದರೆ, ಒಂದು ಕಾಲಕ್ಕೆ ಶ್ರೀಮಂತನನ್ನು ಮಾತ್ರ ಕಾಣುತ್ತಿದ್ದ ಕಣ್ಣು ಕ್ರಮೇಣ ಮಗಳ ಮದುವೆಗೆ ಎರಡೆಳೆ ಸರ ಕೊಳ್ಳುವ ರೈತನನ್ನೂ ಕಾಣತೊಡಗುತ್ತದೆ. ಆಗ ಕಾಯಿದೆಯ ಒಂದಕ್ಷರವೂ ಬದಲಾಗಿರುವುದಿಲ್ಲ. ವಹಿಯನ್ನು ಯಾರು ಬರೆಯುತ್ತಾರೆ, ಯಾರು ಓದುತ್ತಾರೆ, ಪುರಾವೆಯ ಹೊಣೆ ಯಾರ ಮೇಲಿದೆ ಎಂಬ ಮೂರು ಪ್ರಶ್ನೆಗಳನ್ನು ಪ್ರತಿಯೊಂದು ಹೊಸ ನಿಯಮಕ್ಕೂ ಕೇಳುವುದು ಅವಶ್ಯಕ. ಘಟ್ಟದ ಮೇಲಿನ ಈ ತಾಲೂಕುಗಳ ಅನುಭವವು ನಮಗೆ ಕಲಿಸುವ ಪಾಠವಿದು.