ಬೆಂಗಳೂರಿನಲ್ಲಿ ಕ್ವಾಂಟಂ ಅನುಕರಣ: 2014ರ ಒಂದು ಪ್ರಯೋಗದ ಚಾರಿತ್ರಿಕ ಸ್ಥಾನ

ಪರಸ್ಪರ ಪ್ರಭಾವಿಸುವ ಸ್ಪಿನ್‌ಗಳ ಒಟ್ಟು ಸ್ಥಿತಿಯನ್ನು ಸಾಮಾನ್ಯ ಗಣಕದಲ್ಲಿ ದಾಖಲಿಸಹೊರಟರೆ, ಒಂದೊಂದು ಸ್ಪಿನ್ ಸೇರಿದಂತೆಯೂ ಲೆಕ್ಕ ಇಮ್ಮಡಿಸುತ್ತದೆ. ಕೇವಲ 30 ಸ್ಪಿನ್‌ಗಳಿಗೆ 107 ಕೋಟಿಗೂ ಮಿಕ್ಕ ಸಂಖ್ಯೆಗಳು ಬೇಕು. ಒಂದು ಕ್ವಾಂಟಂ ವ್ಯವಸ್ಥೆಯನ್ನು ಇನ್ನೊಂದು ಕ್ವಾಂಟಂ ವ್ಯವಸ್ಥೆಯಿಂದಲೇ ಅನುಕರಿಸಬೇಕೆಂದು ರಿಚರ್ಡ್ ಫೈನ್‌ಮನ್ 1981ರಲ್ಲಿ ವಾದಿಸಿದ್ದು ಈ ಕಾರಣದಿಂದಲೇ.

ಬೆಂಗಳೂರಿನಲ್ಲಿ ಕ್ವಾಂಟಂ ಗಣನೆಯು ಪ್ರಯೋಗದ ಮೇಜಿಗೆ ಬಂದದ್ದು ಅಣುಗಳ ರಚನೆಯನ್ನು ಅರಿಯಲು ಬಳಸುವ ಕಾಂತೀಯ ಅನುರಣನ ಯಂತ್ರಗಳ ಮೂಲಕ. ಎರ್ನ್‌ಸ್ಟ್ ಮತ್ತು ವ್ಯೂಟ್ರಿಶ್ ಅವರೊಡನೆ 1980ರಲ್ಲಿ ಎರಡು ಆಯಾಮಗಳ ಅನುರಣನ ವಿಧಾನವೊಂದನ್ನು ಪ್ರಕಟಿಸಿದ್ದ ಭಾರತೀಯ ವಿಜ್ಞಾನ ಸಂಸ್ಥೆಯ ಅನಿಲ್ ಕುಮಾರ್, ಕವಿತಾ ದೊರೈ ಮತ್ತು ಅರವಿಂದ್ ಅವರೊಂದಿಗೆ 2000ದಲ್ಲಿ ಡಾಯ್ಚ್-ಜೋಜಾ ಕ್ರಮವಿಧಿಯ ಪ್ರಯೋಗವನ್ನು ವರದಿ ಮಾಡಿದರು. ಇಂತಹ ಪ್ರಯೋಗಗಳಿಗೆ ಅಷ್ಟರಲ್ಲಿ ಆಕ್ಷೇಪವೂ ಎದುರಾಗಿತ್ತು: ಕೊಠಡಿಯ ಉಷ್ಣತೆಯ ದ್ರವದಲ್ಲಿ ಅಲ್ಲಿಯವರೆಗೆ ನಿಜವಾದ ಕ್ವಾಂಟಂ ಹೆಣಿಗೆ ಉಂಟಾಗಿರಲಿಲ್ಲವೆಂದು ಬ್ರೌನ್‌ಸ್ಟೈನ್ ಮೊದಲಾದವರು 1999ರಲ್ಲಿ ತೋರಿಸಿದ್ದರು. ಆ ಆಕ್ಷೇಪವನ್ನು ಬದಿಗಿಟ್ಟು ಈ ಚರಿತ್ರೆಯನ್ನು ಬರೆಯಲಾಗದು.

ವಿ. ಎಸ್. ಮನು ಮತ್ತು ಅನಿಲ್ ಕುಮಾರ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ಬಗೆಯ ಗಣನೆಗಳು ಕೂಡಿವೆ. ಕೆಲವು ಕಾಂತೀಯ ವಸ್ತುಗಳಲ್ಲಿ ಕಾಣುವ ಜ್ಯಾಲೋಶಿನ್‌ಸ್ಕಿ-ಮೊರಿಯಾ ಅಂತಃಕ್ರಿಯೆಯನ್ನು ಅನುಕರಿಸುವುದು ಅವರ ಉದ್ದೇಶ. ಅದಕ್ಕೆ ಬೇಕಾದ ಸ್ಪಂದಗಳ ಸರಣಿಯನ್ನು ಹುಡುಕಿದ್ದು ಸಾಮಾನ್ಯ ಗಣಕ, ಅದೂ ಜೀವವಿಕಾಸದಂತೆ ಆಯ್ಕೆ ಮಾಡುತ್ತ ಸಾಗುವ ಜೆನೆಟಿಕ್ ಕ್ರಮವಿಧಿಯಿಂದ. ದೊರೆತ ಸರಣಿಯು ಒಂದೇ ಅಂಕಿಗಲ್ಲ, ಅಂತಃಕ್ರಿಯೆಯ ಪ್ರಬಲತೆಯ ಇಡೀ ವ್ಯಾಪ್ತಿಗೆ ಹೊಂದುತ್ತಿತ್ತು. ಅದರಂತೆ ನಡೆದದ್ದು ಮಾತ್ರ ಪರಮಾಣು ಬೀಜಗಳು.

ಇದನ್ನು ಇಂದಿನ ಅರ್ಥದ ಮಿಶ್ರ ಗಣನೆಯೆಂದು ಕರೆಯುವುದು ಅತ್ಯುಕ್ತಿಯಾದೀತು. ಅದೇ ವರ್ಷ ಪೆರುಝೋ ಮತ್ತು ಸಂಗಡಿಗರು ಬೆಳಕಿನ ಕಣಗಳ ಸಂಸ್ಕಾರಕದಿಂದ ಹೀಲಿಯಂ ಹೈಡ್ರೈಡ್ ಅಯಾನಿನ ಶಕ್ತಿಯನ್ನು ಕಂಡುಕೊಂಡರು. ಅಲ್ಲಿ ಕ್ವಾಂಟಂ ಸಾಧನ ಅಳೆದುಕೊಟ್ಟದ್ದನ್ನು ನೋಡಿ ಸಾಮಾನ್ಯ ಗಣಕವು ಮತ್ತೆ ಮತ್ತೆ ತಿದ್ದುತ್ತಿತ್ತು. ಬೆಂಗಳೂರಿನಲ್ಲಿ ಗಣಕದ ಪಾತ್ರ ಪ್ರಯೋಗಕ್ಕೆ ಮೊದಲೇ ಮುಗಿದಿತ್ತು. ಮೇಲಾಗಿ, ಎರಡು ಸ್ಪಿನ್‌ಗಳ ಲೆಕ್ಕವನ್ನು ಕಾಗದದ ಮೇಲೆಯೂ ಮಾಡಬಹುದು. ಈ ಕೃತಿಯ ಬೆಲೆಯಿರುವುದು ಲೆಕ್ಕದ ಉಳಿತಾಯದಲ್ಲಲ್ಲ, ಪ್ರಯೋಗದ ಯಾವ ಹಂತವನ್ನು ಯಾವ ಯಂತ್ರಕ್ಕೆ ಒಪ್ಪಿಸಬೇಕೆಂಬ ವಿವೇಚನೆಯಲ್ಲಿ.

ಆ ವಿವೇಚನೆಗೂ ಮಿತಿಯುಂಟು. ಸರಣಿ ಸರಿಯೇ ಎಂದು ಪರೀಕ್ಷಿಸಲು ಸಾಮಾನ್ಯ ಗಣಕವು ಇಡೀ ವ್ಯವಸ್ಥೆಯ ಮಾತೃಕೆಯನ್ನೇ ಗುಣಿಸಬೇಕು. ಆದ್ದರಿಂದ ಫೈನ್‌ಮನ್ ಹೇಳಿದ ತೊಡಕು ಹಿಂಬಾಗಿಲಿನಿಂದ ಒಳಬರುತ್ತದೆ. 2023ರಲ್ಲಿ ಕೇಂದ್ರ ಸಂಪುಟವು ಒಪ್ಪಿದ 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್ 50ರಿಂದ 1,000 ಕ್ಯೂಬಿಟ್‌ಗಳ ಗುರಿ ಇಟ್ಟುಕೊಂಡಿದೆ. ಅದರ ಗಣನ ವಿಭಾಗದ ಕೇಂದ್ರವೂ ಭಾರತೀಯ ವಿಜ್ಞಾನ ಸಂಸ್ಥೆಯೇ. ಆ ಪ್ರಮಾಣದ ಯಂತ್ರಕ್ಕೆ 2014ರ ಹುಡುಕಾಟವನ್ನು ಇದ್ದಂತೆಯೇ ಒಯ್ಯಲಾಗದು. ಇಡೀ ಮಾತೃಕೆಯನ್ನು ಬಿಟ್ಟು, ಎರಡೆರಡು ಕ್ಯೂಬಿಟ್‌ಗಳ ತುಣುಕುಗಳಲ್ಲಿ ಅದನ್ನು ನಡೆಸಬೇಕಾಗುತ್ತದೆ.