ಕರಾರಿನ ಮಾತು ಮತ್ತು ಮೌನ: ಮೈಸೂರು, 1799–1881

ರಾಜಕೀಯ ಕರಾರುಗಳಲ್ಲಿ ಕಂಡುಬರುವ ಸಂದಿಗ್ಧ ಪದಗಳನ್ನು ಕರಡು ಬರೆದವರ ಅಸಾಮರ್ಥ್ಯವೆಂದು ಎಣಿಸುವುದು ವಾಡಿಕೆ. ಆದರೆ ಬಲಿಷ್ಠ ಪಕ್ಷವು ತನ್ನ ಉದ್ದೇಶವನ್ನು ಮರೆಮಾಚಿ, ಮುಂದಿನ ಕಾಲಕ್ಕೆ ಅವಕಾಶವನ್ನು ಕಾದಿರಿಸಿಕೊಳ್ಳುವ ಸಾಧನವೂ ಅದೇ ಆಗಿರಬಹುದು. ಮೈಸೂರು ಸಂಸ್ಥಾನದ ಇತಿಹಾಸದಿಂದ ಇದನ್ನು ಪರಿಶೀಲಿಸೋಣ.

ಶ್ರೀರಂಗಪಟ್ಟಣದ ಪತನಾನಂತರ, 1799ರ ಜುಲೈ 8ರಂದು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಕರಾರಾಯಿತು. ವಾರ್ಷಿಕ ಪೊಗದಿ 7 ಲಕ್ಷ ವರಹಗಳು. ಈ ಹಣಕ್ಕೆ ಕೊರತೆಯುಂಟಾದೀತೆಂದು ಶಂಕಿಸಲು ಗವರ್ನರ್ ಜನರಲ್ಲನಿಗೆ ಕಾರಣವಿದ್ದರೆ, ಅಗತ್ಯವೆಂದು ಅವನಿಗೆ ತೋರಿದ ‘ಭಾಗ ಅಥವಾ ಭಾಗಗಳನ್ನು’ ತನ್ನ ಆಡಳಿತಕ್ಕೆ ತೆಗೆದುಕೊಳ್ಳಬಹುದೆಂದು 4ನೆಯ ಕಲಮು ವಿಧಿಸಿತು. ಬಾಕಿ ನಿಂತಿರಬೇಕೆಂದಿಲ್ಲ, ಶಂಕೆಯೊಂದೇ ಸಾಕು. ಆ ಶಂಕೆಯೂ ಅದರ ತೀರ್ಪೂ ಒಬ್ಬನದೇ.

ನಗರದ ರೈತದಂಗೆಯ (1830–31) ಬಳಿಕ, 1831ರ ಅಕ್ಟೋಬರಿನಲ್ಲಿ ಬೆಂಟಿಂಕ್ ಒಂದು ಭಾಗವನ್ನಲ್ಲ, ಇಡೀ ಸಂಸ್ಥಾನವನ್ನೇ ವಹಿಸಿಕೊಂಡನು. ದುರಾಡಳಿತದ ಆಪಾದನೆಯು ಪೊಗದಿಯ ಕಲಮಿನೊಳಗೆ ಹೀಗೆ ಪ್ರವೇಶಿಸಿತು. ಪೊಗದಿಗೆ ಸನ್ನಿಹಿತವಾದ ಅಪಾಯವಿರಲಿಲ್ಲವೆಂದೂ, ಕರಾರು ಅವಶ್ಯಕವಾದಷ್ಟು ಭಾಗಕ್ಕೆ ಮಾತ್ರ ಅನ್ವಯಿಸುವುದೆಂದೂ 1834ರಲ್ಲಿ ಅವನಿಗೇ ಸಂದೇಹವುಂಟಾಯಿತು. ರಾಜ್ಯದ ಒಂದಂಶವನ್ನು ಹಿಂದಿರುಗಿಸಬೇಕೆಂಬ ಅವನ ಸಲಹೆಯನ್ನು ಲಂಡನ್ನಿನ ಅಧಿಕಾರಿಗಳು ಒಪ್ಪಲಿಲ್ಲ.

ಮಾತಿನಷ್ಟೇ ಮೌನವೂ ಉಪಯುಕ್ತವಾಯಿತು. ಕರಾರಿನಲ್ಲಿ ವಾರಸುದಾರರ ಉಲ್ಲೇಖವಿಲ್ಲದ್ದರಿಂದ ಅದು ಅರಸರೊಬ್ಬರಿಗೇ ಸಂಬಂಧಿಸಿದ್ದೆಂದು 1856ರಲ್ಲಿ ಡಾಲ್‌ಹೌಸಿ ವಾದಿಸಿದನು. ಆದರೆ ಸೂರ್ಯಚಂದ್ರರಿರುವವರೆಗೆ ಉಭಯ ಪಕ್ಷಗಳೂ ಬದ್ಧವೆಂದು ಅದೇ ಕರಾರು ಸಾರುತ್ತದೆ. ಆಚಂದ್ರಾರ್ಕವೆಂಬುದು ನಮ್ಮ ಶಾಸನಗಳಲ್ಲಿ ವಂಶಪಾರಂಪರ್ಯದ ಮಾತು. ಒಬ್ಬನ ಆಯುಷ್ಯಕ್ಕೆ ಅದನ್ನು ಮಿತಗೊಳಿಸುವುದು ವ್ಯಾಖ್ಯಾನವಲ್ಲ, ನಿರಾಕರಣೆ.

ಅರಸರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. ಆ ವಂಶಕ್ಕೇ ರಾಜ್ಯವನ್ನು ಉಳಿಸುವ ನಿರ್ಧಾರವು 1867ರಲ್ಲಿ ಲಂಡನ್ನಿನಿಂದ ಬಂದಿತು. ಮರುವರ್ಷ ಅರಸರು ದಿವಂಗತರಾದರು. 1881ರ ಮಾರ್ಚ್ 25ರಂದು ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿತು. ಆಗಿನ ಹಸ್ತಾಂತರ ಪತ್ರವು ಉತ್ತರಾಧಿಕಾರವನ್ನು ಸ್ಪಷ್ಟವಾಗಿ ನಮೂದಿಸಿತು; ಷರತ್ತುಗಳಿಗೆ ಭಂಗ ಬಂದರೆ ರಾಜ್ಯವನ್ನು ಮರಳಿ ತೆಗೆದುಕೊಳ್ಳುವ ಹಕ್ಕನ್ನೂ ಮುಚ್ಚುಮರೆಯಿಲ್ಲದೆ ಕಾದಿರಿಸಿತು. ಈ ಎರಡನೆಯ ಪತ್ರವು ಮೊದಲನೆಯದಕ್ಕಿಂತ ಉದಾರವೆನ್ನಲಾಗದು. ಆದರೆ 1799ರಲ್ಲಿ ಸ್ಪಷ್ಟವಾಗಿ ಹೇಳದೆ ಬಿಟ್ಟದ್ದೇನೆಂಬುದಕ್ಕೆ ಅದಕ್ಕಿಂತ ಉತ್ತಮ ಸಾಕ್ಷ್ಯವಿಲ್ಲವೆಂದು ನಮ್ಮ ಅಭಿಪ್ರಾಯ.