ಸಂವಾದ ಚಾನೆಲುಗಳಲ್ಲಿ ನಿಷೇಧಪದ್ಧತಿಯ ಬೆಳವಣಿಗೆ

ಸಭೆಯ ಶಿಸ್ತನ್ನು ಕಾಪಾಡಲು ಯಾರನ್ನು, ಎಷ್ಟರಮಟ್ಟಿಗೆ ಹೊರಗಿಡಬೇಕೆಂಬ ಪ್ರಶ್ನೆ ಬಹು ಹಳೆಯದು. ಗಣಕಯಂತ್ರಗಳ ಮೂಲಕ ನಡೆಯುವ ಸಂಭಾಷಣೆಯಲ್ಲಿ ಇದಕ್ಕೆ ದೊರೆತ ಪರಿಹಾರಗಳು ಎಷ್ಟು ನ್ಯಾಯಸಮ್ಮತವಾದುವೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

೧೯೮೮ರ ಆಗಸ್ಟ್ ತಿಂಗಳಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾನಿಲಯದಲ್ಲಿ ಯಾರ್ಕೊ ಓಯ್ಕರಿನೆನ್ ಎಂಬವರು ‘ಇಂಟರ್‌ನೆಟ್ ರಿಲೇ ಚಾಟ್’ ವ್ಯವಸ್ಥೆಯನ್ನು ರಚಿಸಿದರು. ಅನೇಕರು ಏಕಕಾಲದಲ್ಲಿ ಸೇರಿ ಬರಹದ ಮೂಲಕ ಮಾತನಾಡುವ ಕೂಟಕ್ಕೆ ಅದರಲ್ಲಿ ಚಾನೆಲ್ ಎಂದು ಹೆಸರು. ಅದರ ಶಿಸ್ತಿನ ಹೊಣೆ ಆಪರೇಟರುಗಳದು. ೧೯೯೩ರ ಮೇ ತಿಂಗಳಲ್ಲಿ ಪ್ರಕಟವಾದ ನಿಯಮಾವಳಿಯು ನಿಷೇಧದ ವಿಧಾನವನ್ನು ವಿವರಿಸುತ್ತದೆ. ಆ ನಿಷೇಧವು ನೋಡುತ್ತಿದ್ದುದು ಮೂರೇ ಅಂಶಗಳನ್ನು: ಸದಸ್ಯನ ಅಡ್ಡಹೆಸರು, ಬಳಕೆದಾರನಾಮ, ಯಂತ್ರದ ವಿಳಾಸ. ಇವುಗಳಲ್ಲಿ ಯಾವುದರ ಸ್ಥಾನದಲ್ಲಾದರೂ ನಕ್ಷತ್ರಚಿಹ್ನೆಯನ್ನಿಟ್ಟರೆ ‘ಯಾವುದಾದರೂ ಸರಿ’ ಎಂದರ್ಥ.

ನಿಯಮಾವಳಿಯು ಕೊಡುವ ಉದಾಹರಣೆಯೊಂದು ನಮಗೆ ಸ್ವಾರಸ್ಯವಾಗಿ ಕಾಣುತ್ತದೆ. ‘ಇಡಿಯು’ ಎಂದು ಮುಗಿಯುವ ವಿಳಾಸದವರಾರೂ ‘ಔಲು’ ಚಾನೆಲನ್ನು ಪ್ರವೇಶಿಸದಂತೆ ತಡೆಯುವ ಆಜ್ಞೆ ಅದು. ಮುಖ್ಯವಾಗಿ ಅಮೆರಿಕದ ಕಾಲೇಜುಗಳೂ ವಿಶ್ವವಿದ್ಯಾನಿಲಯಗಳೂ ಬಳಸುವ ವಿಳಾಸವರ್ಗವಿದು. ಒಂದು ಸಾಲಿನಿಂದ ಅಷ್ಟೂ ಸಂಸ್ಥೆಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಹೊರಗಿಡಬಹುದಾಗಿತ್ತು!

ಈ ಪದ್ಧತಿಯ ದೋಷ ಎರಡು ಬಗೆಯದು. ಒಂದೇ ಯಂತ್ರವನ್ನು ಹಲವರು ಬಳಸುತ್ತಿದ್ದಲ್ಲಿ, ಒಬ್ಬನ ತಪ್ಪಿಗೆ ಎಲ್ಲರೂ ದಂಡ ತೆರಬೇಕಾಗುತ್ತಿತ್ತು. ದೂರವಾಣಿ ತಂತಿಯ ಮೂಲಕ ಬರುವ ತಪ್ಪಿತಸ್ಥನಾದರೋ ಮತ್ತೊಮ್ಮೆ ಸಂಪರ್ಕ ಪಡೆದು, ಹೊಸ ವಿಳಾಸದಿಂದ ನಿರಾತಂಕವಾಗಿ ಒಳಬರುತ್ತಿದ್ದನು. ದಂಡನೆ ಬೀಳುತ್ತಿದ್ದುದು ವಿಳಾಸದ ಮೇಲೆ, ವ್ಯಕ್ತಿಯ ಮೇಲಲ್ಲ.

ಅನಂತರ ಅನ್‌ರಿಯಲ್ ಮೊದಲಾದ ಸರ್ವರ್ ತಂತ್ರಾಂಶಗಳಲ್ಲಿ ‘ವಿಸ್ತೃತ ನಿಷೇಧ’ ರೂಪುಗೊಂಡಿತು. ಇದರಲ್ಲಿ ಎರಡು ಸುಧಾರಣೆಗಳನ್ನು ಗುರುತಿಸಬಹುದು. ಮೊದಲನೆಯದು ಗುರುತಿನದು: ನೋಂದಾಯಿತ ಖಾತೆಯನ್ನೇ ಲಕ್ಷಿಸಿ ನಿಷೇಧಿಸಬಹುದು. ಎರಡನೆಯದು ದಂಡನೆಯ ತಾರತಮ್ಯದ್ದು: ಸದಸ್ಯನನ್ನು ಹೊರದೂಡದೆ ಮೌನಕ್ಕೆ ಮಾತ್ರ ಒಳಪಡಿಸಬಹುದು, ಅಥವಾ ಅಡ್ಡಹೆಸರು ಬದಲಿಸದಂತೆ ತಡೆಯಬಹುದು. ಅವಧಿಯನ್ನು ಗೊತ್ತುಪಡಿಸಿದರೆ, ಅದು ಮುಗಿದೊಡನೆ ಸರ್ವರೇ ನಿಷೇಧವನ್ನು ತೆಗೆದುಹಾಕುತ್ತದೆ. ಮೌನದಂಡಿತನು ಸಭೆಯಲ್ಲಿದ್ದು ಕೇಳುತ್ತಾನೆ. ತಿದ್ದಿಕೊಳ್ಳಲು ಅವನಿಗೆ ಅವಕಾಶ ಉಳಿಯುತ್ತದೆ.

ಆದರೆ ವಿಸ್ತಾರವೆಲ್ಲವೂ ನ್ಯಾಯದತ್ತಲೇ ಸಾಗಿತೆಂದು ನಾವು ಹೇಳಲಾರೆವು. ಬೇರೊಂದು ಚಾನೆಲಿನಲ್ಲಿರುವವರೆಲ್ಲರನ್ನೂ ತಡೆಯುವ ವಿಧವೂ ಇವುಗಳಲ್ಲಿ ಸೇರಿದೆ. ಗುಂಪುಗೂಡಿ ನುಗ್ಗುವವರನ್ನು ತಡೆಯಲು ಅದು ಉಪಯುಕ್ತವೇ. ಆದರೂ ಅಲ್ಲಿ ದಂಡನೆಗೆ ಆಧಾರ ವ್ಯಕ್ತಿಯ ನಡತೆಯಲ್ಲ, ಅವನ ಸಹವಾಸ. ಹಳೆಯ ಆಜ್ಞೆಯ ದೋಷವೇ ಇಲ್ಲಿ ಬೇರೆ ವೇಷದಲ್ಲಿ ಮರಳಿದೆ.

ಉಪಕರಣ ಸೂಕ್ಷ್ಮವಾದ ಮಾತ್ರಕ್ಕೆ ತೀರ್ಪು ಸೂಕ್ಷ್ಮವಾಗದು. ತಪ್ಪಿಗೆ ತಕ್ಕ ಅತ್ಯಲ್ಪ ದಂಡನೆಯನ್ನು, ತಪ್ಪಿತಸ್ಥನಿಗೆ ಮಾತ್ರ ವಿಧಿಸುವ ವಿವೇಕ ಇಂದಿಗೂ ಆಪರೇಟರನಲ್ಲೇ ಇರಬೇಕಾಗಿದೆ. ಈ ಅಲ್ಪಕಾಲದ ಚರಿತ್ರೆಯಿಂದ ನಮಗೆ ವ್ಯಕ್ತವಾಗುವ ಮುಖ್ಯಾಂಶ ಇದೇ.